ಹೊಳೆಯ ಮುಂದೆ ನಿಂತ ಬಸ್ಸು

ಮಳೆಗಾಲ ಬಂತೆಂದರೆ ನಮ್ಮ ವೃತ್ತಪತ್ರಿಕೆಗಳಲ್ಲಿ ಎರಡು ಬಗೆಯ ಸುದ್ದಿಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಉಕ್ಕಿ ಹರಿಯುತ್ತಿದ್ದ ಹಳ್ಳದಲ್ಲಿ ಪ್ರಯಾಣಿಕರು ತುಂಬಿದ ಬಸ್ಸನ್ನು ಜಾಣತನದಿಂದ ದಾಟಿಸಿದ ಚಾಲಕನ ಸಾಹಸ ಮೊದಲನೆಯದು. ಉಕ್ಕಿ ಹರಿಯುತ್ತಿದ್ದ ಹಳ್ಳಕ್ಕೆ ಬಸ್ಸನ್ನು ಇಳಿಸಿ ಪ್ರಯಾಣಿಕರ ಪ್ರಾಣವನ್ನು ಅಪಾಯಕ್ಕೊಡ್ಡಿದ ಚಾಲಕನ ಅಮಾನತು ಎರಡನೆಯದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಂದು ವಿಚಿತ್ರ ಹೊಳೆಯದೆ ಇರದು. ಎರಡರಲ್ಲಿಯೂ ನಡೆದ ಕೆಲಸ ಒಂದೇ. ಬೇರೆಯಾದದ್ದು ಫಲ ಮಾತ್ರ. ಆ ಫಲವನ್ನು ನಿರ್ಣಯಿಸಿದ್ದು ಚಾಲಕನ ಜಾಣತನವೂ ಅಲ್ಲ, ಅವಿವೇಕವೂ ಅಲ್ಲ. ನಾಲ್ಕು ಬೆರಳು ನೀರು ಹೆಚ್ಚಿತೋ ಕಡಮೆಯಾಯಿತೋ, ನೀರಿನಡಿಯ ಡಾಂಬರು ಉಳಿದಿತ್ತೋ ಕಿತ್ತು ಹೋಗಿತ್ತೋ ಎಂಬ, ಅವನಿಗೆ ಕಾಣದ ಸಂಗತಿ. ದಾಟಿದರೆ ಹಾರ, ನಿಂತರೆ ಶಿಕ್ಷೆ. ಜೂಜಿಗೂ ಇದಕ್ಕೂ ಇರುವ ಅಂತರವೇನು?

ಚಾಲಕ ಶೂರನೋ ಮೂರ್ಖನೋ ಎಂದು ತೀರ್ಪು ಕೊಡುವ ಅವಸರದಲ್ಲಿ ನಾವು ಅದಕ್ಕೆ ಹಿಂದಿನ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಐವತ್ತು ಜನರ ಪ್ರಾಣಕ್ಕೆ ಸಂಬಂಧಪಟ್ಟ ನಿರ್ಧಾರವೊಂದು ನೀರಿನ ಅಂಚಿನಲ್ಲಿ, ಎರಡು ನಿಮಿಷದಲ್ಲಿ, ಒಬ್ಬನ ತಲೆಯ ಮೇಲೆ ಏಕೆ ಬೀಳಬೇಕು? ಆ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆಯನ್ನು ಅವನಿಗೆ ಯಾರು ಕೊಟ್ಟಿದ್ದಾರೆ? ‘ಇಲ್ಲ, ಹೋಗುವುದಿಲ್ಲ’ ಎನ್ನುವ ಅಧಿಕಾರವನ್ನು ಯಾರು ಕೊಟ್ಟಿದ್ದಾರೆ? ಈ ಲೇಖನದಲ್ಲಿ ನಾನು ವಿಚಾರ ಮಾಡಬೇಕೆಂದಿರುವುದು ಇಷ್ಟನ್ನೇ. ಹೊಳೆಯ ಆಚೆಯ ಊರುಗಳಿಂದ ಪ್ರತಿದಿನವೂ ಬಸ್ಸು ಹತ್ತಿ ಬರುವ ವಿದ್ಯಾರ್ಥಿಗಳಿಗೆ ಪಾಠ ಹೇಳುವವನಾದ ನನಗೆ ಇದು ದೂರದ ವಿಷಯವೇನೂ ಅಲ್ಲ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಮತ್ತು ನಿಪ್ಪಾಣಿಯ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೃಷ್ಣಾ, ದೂಧಗಂಗಾ, ವೇದಗಂಗಾ ಎಂಬ ಮೂರು ಹೊಳೆಗಳು ಹತ್ತಿರಹತ್ತಿರದಲ್ಲಿ ಹರಿಯುವ ನಾಡು ಅದು. ಕರಿಮಣ್ಣು, ಕಬ್ಬು, ಒತ್ತಾಗಿ ನೆಲಸಿದ ಹಳ್ಳಿಗಳು. ಮೂರು ಹೊಳೆಗಳಿಗೂ ನೀರು ಬರುವುದು ಮಹಾರಾಷ್ಟ್ರದ ಸಹ್ಯಾದ್ರಿಯಿಂದ. ಆದ್ದರಿಂದ ಇಲ್ಲಿಯ ಆಕಾಶವನ್ನು ನೋಡಿ ಇಲ್ಲಿಯ ಹೊಳೆಯನ್ನು ಊಹಿಸಲಾಗದು. ಮಹಾಬಳೇಶ್ವರದ ಕಡೆ, ಕೊಲ್ಲಾಪುರದ ಘಟ್ಟದ ಕಡೆ ಎರಡು ದಿನ ಮಳೆ ಹೊಡೆದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರುತ್ತದೆ. ಬೆಳಿಗ್ಗೆ ಹಾಯ್ದು ಬಂದ ದಾರಿ ಸಂಜೆಗೆ ನೀರಿನಡಿಯಲ್ಲಿರುತ್ತದೆ. ಬಿಸಿಲಿನ ದಿನದ ಈ ಪ್ರವಾಹ ಮಳೆಯ ದಿನದ ಪ್ರವಾಹಕ್ಕಿಂತ ಹೆಚ್ಚು ಮೋಸದ್ದು. ಮಳೆ ಸುರಿಯುತ್ತಿರುವಾಗ ಮನಸ್ಸು ತಾನಾಗಿಯೇ ಎಚ್ಚರಗೊಂಡಿರುತ್ತದೆ. ಬಿಸಿಲು ಆ ಎಚ್ಚರವನ್ನು ಕಳೆಯುತ್ತದೆ.

ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ: ಈಚಿನ ವರ್ಷಗಳ ಮಳೆಗಾಲದ ಸುದ್ದಿಗಳಲ್ಲಿ ಮತ್ತೆ ಮತ್ತೆ ಬಂದ ಜೋಡಿ ಹೆಸರುಗಳಿವು. ‘ಕೆಳಮಟ್ಟದ ಸೇತುವೆಗಳು ಜಲಾವೃತ’ ಎಂಬ ತಲೆಬರಹದ ಕೆಳಗೆ ಇವು ಪಟ್ಟಿಯಾಗಿ ಬರುತ್ತವೆ. ಪಟ್ಟಿ ವರ್ಷವರ್ಷವೂ ಹೆಚ್ಚುಕಡಮೆ ಒಂದೇ ಆಗಿರುವುದರಿಂದ ಓದುಗರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಆದರೆ ಜೋಡಿ ಹೆಸರುಗಳ ನಡುವಿನ ಆ ಸಣ್ಣ ಗೆರೆಯಲ್ಲಿ ಒಂದು ಶಾಲೆಯಿದೆ, ಒಂದು ಆಸ್ಪತ್ರೆಯಿದೆ, ಒಂದು ಸಂತೆಯಿದೆ. ಸೇತುವೆ ಮುಳುಗಿದ ದಿನ ಎದುರುಬದುರಿಗಿರುವ ಎರಡು ಊರುಗಳು ದೂರದ ಊರುಗಳಾಗುತ್ತವೆ.

ಈ ಸೇತುವೆಗಳನ್ನು ಇಷ್ಟು ತಗ್ಗಿನಲ್ಲಿ ಕಟ್ಟಿದ್ದೇಕೆಂದು ಹೊಸಬರು ಕೇಳುವುದುಂಟು. ಇವುಗಳಲ್ಲಿ ಹಲವು ಮೂಲತಃ ಸೇತುವೆಗಳೇ ಅಲ್ಲ, ಬಾಂದಾರಗಳು. ಹೊಳೆಗೆ ಅಡ್ಡವಾಗಿ ಸಾಲುಗಂಬ ಕಟ್ಟಿ, ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುವುದು, ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆದು ಹೊಳೆಯನ್ನು ಹರಿಯಲು ಬಿಡುವುದು. ಇದು ಕೊಲ್ಲಾಪುರ ಮಾದರಿ ಎಂದು ಪ್ರಸಿದ್ಧವಾದ ಕಟ್ಟೆಯ ಕ್ರಮ. ಹೊಲಕ್ಕೆ ನೀರು ಕೊಡಲೆಂದು ಕಟ್ಟಿದ ಈ ಕಟ್ಟೆಗಳ ನೆತ್ತಿಯೇ ಜನರಿಗೆ ದಾರಿಯಾಯಿತು. ಮೊದಲು ನಡೆದು ಹೋದರು. ಆಮೇಲೆ ಎತ್ತಿನ ಗಾಡಿ, ಟ್ರ್ಯಾಕ್ಟರು, ಕೊನೆಗೆ ಬಸ್ಸು. ಪ್ರವಾಹದಲ್ಲಿ ಮುಳುಗಲೆಂದೇ ಕಟ್ಟಿದ ಕಡಮೆ ಖರ್ಚಿನ ಸೇತುವೆಗಳೂ ಇವೆ. ಇಂಥವುಗಳಿಗೆ ಎತ್ತರದ ಕೈಪಿಡಿಗೋಡೆ ಇರುವುದಿಲ್ಲ; ಇದ್ದರೆ ತೇಲಿಬಂದ ಮರ, ಕಸ, ಬಣವೆ ಅದಕ್ಕೆ ಸಿಕ್ಕಿ ಸೇತುವೆಯೇ ಕಿತ್ತುಹೋಗಬಹುದು. ಆದ್ದರಿಂದ ಅಂಚಿನಲ್ಲಿ ಮೊಣಕಾಲೆತ್ತರದ ಕಲ್ಲುಗಳನ್ನು ನಿಲ್ಲಿಸಿರುತ್ತಾರೆ. ಇಂಜಿನಿಯರಿಂಗಿನ ದೃಷ್ಟಿಯಿಂದ ಇದು ಸರಿಯಾದ ಏರ್ಪಾಡು. ಆದರೆ ಇದರಲ್ಲಿ ಹೇಳದೆ ಬಿಟ್ಟ ಒಂದು ಷರತ್ತಿದೆ: ನೀರು ಮೇಲೆ ಬಂದಾಗ ಈ ಸೇತುವೆ ದಾರಿಯಲ್ಲ. ಆ ಷರತ್ತನ್ನು ನಕ್ಷೆಯಲ್ಲಿ ಬರೆದವರು ಅದನ್ನು ಜಾರಿಗೆ ತರುವ ಕೆಲಸವನ್ನು ಯಾರಿಗೂ ಒಪ್ಪಿಸದೆ ಹೋದರು. ಅದು ಉರುಳುತ್ತ ಬಂದು ಕೊನೆಗೆ ಚಾಲಕನ ಪಾಲಿಗೆ ಬಿದ್ದಿತು.

ಕೃಷ್ಣೆಯ ಕೆಳದಂಡೆಗೆ ಹೋದರೆ ಸಮಸ್ಯೆಯ ರೂಪ ಕೊಂಚ ಬೇರೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ, ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಇವುಗಳ ಮೇಲೆ ನೀರು ಬರುವುದು ಬಹುಮಟ್ಟಿಗೆ ನಾರಾಯಣಪುರ ಜಲಾಶಯದ ಬಾಗಿಲುಗಳನ್ನು ತೆರೆದಾಗ. ತುಂಗಭದ್ರೆಯ ಮೇಲಿನ ಕಂಪ್ಲಿ ಸೇತುವೆಯ ಕಥೆಯೂ ಹೀಗೆಯೇ. ಇಲ್ಲಿ ಪ್ರವಾಹ ದೈವದ ಆಕಸ್ಮಿಕವಲ್ಲ. ಎಷ್ಟು ಹೊತ್ತಿಗೆ ಎಷ್ಟು ನೀರು ಬಿಡಲಾಗುವುದೆಂಬುದು ಗೊತ್ತಿರುವ ಸಂಗತಿ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಹೊರಬಿದ್ದಾಗ ಆ ಅಂಕೆ ಗಂಟೆಗಂಟೆಗೂ ಸುದ್ದಿಯಾಯಿತು. ಆದರೆ ಅಂಕೆ ಗೊತ್ತಿರುವುದು ಬೇರೆ, ಅದರ ಅರ್ಥ ಗೊತ್ತಿರುವುದು ಬೇರೆ. ಒಂದು ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು ನೀರು. ಲಕ್ಷ ಕ್ಯೂಸೆಕ್ಸ್ ಎಂದಾಗ ಜಲಾಶಯದ ಇಂಜಿನಿಯರಿಗೆ ಚಿತ್ರ ಸ್ಪಷ್ಟವಾಗುತ್ತದೆ. ಬಸ್ಸಿನ ಚಾಲಕನಿಗೆ ಬೇಕಾದದ್ದು ಆ ಅಂಕೆಯಲ್ಲ. ‘ಇಂದು ಮಧ್ಯಾಹ್ನ ಮೂರು ಗಂಟೆಗೆ ಈ ಸೇತುವೆಯ ಮೇಲೆ ಎಷ್ಟು ಅಂಗುಲ ನೀರಿರುತ್ತದೆ?’ ಎಂಬ ಒಂದೇ ಪ್ರಶ್ನೆಗೆ ಉತ್ತರ. ಲಕ್ಷದ ಲೆಕ್ಕವನ್ನು ಅಂಗುಲದ ಲೆಕ್ಕಕ್ಕೆ ಇಳಿಸಿ ಡಿಪೋಕ್ಕೆ ಮುಟ್ಟಿಸುವವರಿಲ್ಲದೆ ಹೋದರೆ, ಎಷ್ಟು ಜ್ಞಾನವಿದ್ದರೂ ಅದು ಚಾಲಕನ ಆಸನದವರೆಗೆ ಬಾರದು.

ಇನ್ನು ಆ ಆಸನದಲ್ಲಿ ಕುಳಿತವನಿಗೆ ಕಾಣುವುದೇನೆಂದು ನೋಡೋಣ. ಎದುರಿಗೆ ಚಹದ ಬಣ್ಣದ ನೀರು. ಅದರ ಮೇಲ್ಮೈ ಎಲ್ಲ ಕಡೆಯೂ ಒಂದೇ. ದಾರಿ ಎಲ್ಲಿ ಮುಗಿಯಿತು, ಹೊಳೆ ಎಲ್ಲಿ ತೊಡಗಿತು ಎಂಬ ಗುರುತಿಲ್ಲ. ಅಂಚುಗಲ್ಲುಗಳು ಮುಳುಗಿವೆ. ರಸ್ತೆಯ ಬದಿಯ ಮಣ್ಣು ಕೊರೆದು ಹೋಗಿದ್ದರೆ, ಸೇತುವೆಗೆ ಹೊಂದಿಕೊಂಡ ಏರಿ ಕುಸಿದಿದ್ದರೆ, ಅದು ಚಕ್ರ ಇಳಿದ ಮೇಲೆಯೇ ತಿಳಿಯಬೇಕು. ಹರಿಯುವ ನೀರನ್ನು ದಿಟ್ಟಿಸಿ ನೋಡುತ್ತ ಹೊರಟವನಿಗೆ ತಾನೇ ಪಕ್ಕಕ್ಕೆ ಸರಿಯುತ್ತಿರುವಂತೆ ಭ್ರಮೆಯಾಗುತ್ತದೆ. ಅದನ್ನು ಸರಿಪಡಿಸಲೆಂದು ಸ್ಟಿಯರಿಂಗನ್ನು ತಿರುಗಿಸಿದರೆ ಗಾಡಿ ಅಂಚಿನ ಕಡೆಗೆ ಹೋಗಬಹುದು. ಹೊಳೆ ಹಾಯ್ದು ಬಲ್ಲ ಹಳ್ಳಿಗರು ‘ನೀರು ನೋಡಬ್ಯಾಡ, ಆಚೀ ದಂಡಿ ನೋಡು’ ಎನ್ನುವುದು ಇದಕ್ಕಾಗಿಯೇ.

ಬಸ್ಸು ಭಾರವಾದ್ದರಿಂದ ನೀರು ಅದನ್ನೇನೂ ಮಾಡದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇದು ಅರ್ಧ ಸತ್ಯ. 2.5 ಮೀಟರು ಅಗಲ, 10 ಮೀಟರು ಉದ್ದದ ಬಸ್ಸಿನ ಒಡಲು ಕೇವಲ 10 ಸೆಂಟಿಮೀಟರು ನೀರಿನಲ್ಲಿ ಮುಳುಗಿದರೆ, ಅದು ಸರಿಸುವ ನೀರು 2.5 ಘನ ಮೀಟರು. ಆ ನೀರಿನ ತೂಕ 2.5 ಟನ್ನು. ಅಂದರೆ ಚಕ್ರಗಳು ನೆಲವನ್ನು ಒತ್ತುವ ಭಾರದಲ್ಲಿ ಅಷ್ಟು ಕಡಮೆಯಾಯಿತು. ನೀರು ಒಳಗೆ ನುಗ್ಗಿದ ಮೇಲೆ ಈ ಲೆಕ್ಕ ಬದಲಾಗುತ್ತದೆ, ನಿಜ; ಆದರೆ ನುಗ್ಗುವುದಕ್ಕೆ ಮುಂಚಿನ ಆ ಕೆಲವು ಕ್ಷಣಗಳಲ್ಲಿಯೇ ಗಾಡಿ ನೆಲದ ಹಿಡಿತ ತಪ್ಪಿ ಜಾರುವುದು. ಪಕ್ಕದಿಂದ ತಳ್ಳುವ ಪ್ರವಾಹದ ಬಲವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಒಂದಡಿ ನೀರು ಅನೇಕ ಕಾರುಗಳನ್ನು ತೇಲಿಸಬಲ್ಲದು, ಎರಡಡಿ ರಭಸದ ನೀರು ಹೆಚ್ಚಿನ ವಾಹನಗಳನ್ನು ಒಯ್ಯಬಲ್ಲದು ಎಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯವರು ತಮ್ಮ ಜನರಿಗೆ ಎಚ್ಚರಿಕೆ ಕೊಡುತ್ತ ಬಂದಿದ್ದಾರೆ. ಅವರು ಪ್ರಚಾರಪಡಿಸಿದ ಘೋಷವಾಕ್ಯದ ಸಾರವೂ ‘ಹಿಂದಿರುಗು, ಮುಳುಗಬೇಡ’ ಎಂಬುದೇ.

ಇಂಜಿನಿನ ವಿಷಯವೂ ಇಷ್ಟೇ ಸೂಕ್ಷ್ಮ. ಡೀಸೆಲ್ ಇಂಜಿನು ಉಸಿರಾಡುವ ಗಾಳಿಯ ಕೊಳವೆ ನೀರಿನಿಂದ ಮೇಲಿರುವವರೆಗೆ ಅದು ಓಡುತ್ತದೆ. ಆ ಕೊಳವೆಯಲ್ಲಿ ನೀರು ಹೊಕ್ಕಿತೋ, ಗಾಳಿಯನ್ನು ಒತ್ತಿದಂತೆ ನೀರನ್ನು ಒತ್ತಲು ಬಾರದ್ದರಿಂದ ಒಳಗಿನ ದಂಡಗಳೇ ಬಾಗುತ್ತವೆ. ಗಾಡಿ ನಡುಹೊಳೆಯಲ್ಲಿ ನಿಂತುಬಿಡುತ್ತದೆ. ಬ್ರೇಕುಗಳು ನೆನೆದು ಹಿಡಿತ ಕಳೆದುಕೊಳ್ಳುತ್ತವೆ. ಇವೆಲ್ಲವನ್ನೂ ನಮ್ಮ ಚಾಲಕರು ಪುಸ್ತಕದಿಂದಲ್ಲದಿದ್ದರೂ ಅನುಭವದಿಂದ ಬಲ್ಲರು. ಬಲ್ಲವನನ್ನೂ ನೀರಿಗೆ ಇಳಿಸುವ ಶಕ್ತಿಗಳು ಬೇರೆ ಇವೆ. ಅವನ್ನು ಅರಿಯುವ ಮುನ್ನ, ಈಚೆಗೆ ನಡೆದ ಕೆಲವು ಘಟನೆಗಳನ್ನು ನೆನೆಯುವುದು ಒಳ್ಳೆಯದು.

2019ರ ಆಗಸ್ಟಿನ ಪ್ರವಾಹದಲ್ಲಿ ದೇವದುರ್ಗ ತಾಲ್ಲೂಕಿನ ಹಿರೇರಾಯಕುಂಪಿಯ ಬಳಿ ಆಂಬುಲೆನ್ಸೊಂದು ಮುಳುಗಿದ ಸೇತುವೆಯ ಮುಂದೆ ದಾರಿ ಕಾಣದೆ ನಿಂತಿತು. ಆ ಊರಿನ ಹನ್ನೆರಡು ವರ್ಷದ ಹುಡುಗನೊಬ್ಬ ತಾನಾಗಿ ಮುಂದೆ ಬಂದು, ನೀರಿನಲ್ಲಿ ಎದ್ದು ಬಿದ್ದು ಓಡುತ್ತ ಸೇತುವೆ ಎಲ್ಲಿದೆ ಎಂಬುದನ್ನು ತನ್ನ ಮೈಯಿಂದಲೇ ತೋರಿಸಿದ. ಗಾಡಿ ಅವನ ಹಿಂದೆ ಹಿಂದೆ ದಾಟಿತು. ಆ ದೃಶ್ಯವನ್ನು ದೇಶವೆಲ್ಲ ನೋಡಿತು. ಹುಡುಗನಿಗೆ ಮರುವರ್ಷ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂದಿತು. ಅವನ ಧೈರ್ಯಕ್ಕೆ ತಲೆಬಾಗದವರಾರು? ಆದರೆ ಪ್ರಶಸ್ತಿಯ ಚಪ್ಪಾಳೆ ಮುಗಿದ ಮೇಲೆ ಕೇಳಬೇಕಾದ ಮಾತೊಂದಿದೆ. ಆ ಮಗು ಅಂದು ಮಾಡಿದ್ದು ಒಂದು ಕಂಬದ ಕೆಲಸ. ಎರಡೂ ಅಂಚಿಗೆ ಎತ್ತರದ ಗುರುತುಗಂಬಗಳಿದ್ದು, ಅವುಗಳ ಮೇಲೆ ಅಡಿ ಅಂಗುಲಗಳ ಗೆರೆಗಳಿದ್ದರೆ ಆ ಕೆಲಸಕ್ಕೆ ಮಗುವಿನ ಪ್ರಾಣ ಬೇಕಾಗುತ್ತಿರಲಿಲ್ಲ. ಮುಳುಗುವ ಸೇತುವೆಗಳ ಬಳಿ ನೆಡಬೇಕಾದ ಪ್ರವಾಹಮಾಪಕ ಫಲಕಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ರಸ್ತೆ ಫಲಕಗಳ ಪಟ್ಟಿಯಲ್ಲಿಯೇ ಸ್ಥಾನವಿದೆ. ಕಂಬ ನೆಡುವುದು ಸಾಹಸವಲ್ಲ, ಅದಕ್ಕೆ ಪ್ರಶಸ್ತಿಯೂ ಇಲ್ಲ. ಸಾಹಸಗಳು ಬೇಕಾಗದಂತೆ ಮಾಡುವ ಕೆಲಸಗಳೆಲ್ಲ ಹೀಗೆಯೇ ಸಪ್ಪೆಯಾದವು.

2021ರ ಸೆಪ್ಟೆಂಬರ್ 28ರಂದು ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಉಮರಖೇಡದ ಬಳಿ ಸಾರಿಗೆ ಸಂಸ್ಥೆಯ ಬಸ್ಸೊಂದು ತುಂಬಿ ಹರಿಯುತ್ತಿದ್ದ ಹಳ್ಳದ ಸೇತುವೆಯಿಂದ ಕೊಚ್ಚಿಹೋಯಿತು; ಪ್ರಾಣಹಾನಿಯಾಯಿತು. ಇದಾಗಿ ಹದಿನೆಂಟು ದಿನಕ್ಕೆ, ಅಕ್ಟೋಬರ್ 16ರಂದು, ಕೇರಳದ ಕೋಟ್ಟಯಂ ಜಿಲ್ಲೆಯ ಪೂಂಜಾರಿನಲ್ಲಿ ಅಲ್ಲಿಯ ಸಾರಿಗೆ ಸಂಸ್ಥೆಯ ಬಸ್ಸು ನೀರು ತುಂಬಿದ ರಸ್ತೆಯಲ್ಲಿ ಮುಂದುವರಿದು ಸಿಕ್ಕಿಕೊಂಡಿತು. ಊರಿನವರು ನೀರಿಗಿಳಿದು ಪ್ರಯಾಣಿಕರನ್ನು ಹೊರತಂದರು. ಚಾಲಕನ ಅಮಾನತು ಕೂಡಲೇ ನಡೆಯಿತು. ಅಮಾನತು ತಪ್ಪೆಂದು ನಾನು ಹೇಳುತ್ತಿಲ್ಲ. ಅಳೆಯದೆ ನೀರಿಗಿಳಿಯುವುದು ಅಪರಾಧವೇ. ಅಜಾಗರೂಕ ಚಾಲನೆಯನ್ನು ದಂಡಿಸಲು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ವಿಧಿಯಿದೆ. ಆದರೆ ಅಮಾನತಿನಿಂದ ವಿಚಾರಣೆ ತೊಡಗಬೇಕೇ ಹೊರತು ಅಲ್ಲಿಗೇ ಮುಗಿಯಬಾರದು. ಆ ದಾರಿಯಲ್ಲಿ ಆ ಹೊತ್ತಿಗೆ ಬಸ್ಸನ್ನು ಬಿಡಲು ಹೇಳಿದವರಾರು? ದಾರಿಯನ್ನು ಮುಚ್ಚಬೇಕಾಗಿದ್ದವರಾರು? ಒಬ್ಬನ ಶಿಕ್ಷೆ ಉಳಿದೆಲ್ಲರಿಗೂ ಬಿಡುಗಡೆಯ ಪತ್ರವಾಗುವುದು ನ್ಯಾಯವಲ್ಲ.

ಮೂರನೆಯ ಘಟನೆ ಇವೆರಡಕ್ಕಿಂತ ಹಳೆಯದು, ಘೋರವಾದದ್ದು. 2016ರ ಆಗಸ್ಟ್ 2ರ ರಾತ್ರಿ ಮುಂಬಯಿ–ಗೋವಾ ಹೆದ್ದಾರಿಯಲ್ಲಿ, ಮಹಾಡದ ಬಳಿ, ಸಾವಿತ್ರಿ ನದಿಯ ಮೇಲೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದ ಕಲ್ಲಿನ ಸೇತುವೆ ಪ್ರವಾಹಕ್ಕೆ ಕುಸಿಯಿತು. ಸಾರಿಗೆ ಸಂಸ್ಥೆಯ ಎರಡು ಬಸ್ಸುಗಳೂ ಇತರ ವಾಹನಗಳೂ ಕತ್ತಲೆಯಲ್ಲಿ ಹೊಳೆಯ ಪಾಲಾದವು. ಅಲ್ಲಿ ಚಾಲಕರು ನಿರ್ಧರಿಸಬೇಕಾದದ್ದು ಏನೂ ಇರಲಿಲ್ಲ. ದಾರಿ ಇದೆಯೆಂದು ನಂಬಿ ಬಂದರು, ದಾರಿ ಇರಲಿಲ್ಲ. ಒಂದು ವರ್ಷ ತುಂಬುವ ಮುನ್ನವೇ, 2017ರ ಜೂನಿನಲ್ಲಿ, ಅಲ್ಲಿ ಹೊಸ ಸೇತುವೆ ಸಂಚಾರಕ್ಕೆ ತೆರೆಯಿತು. ಆ ವೇಗ ಮೆಚ್ಚತಕ್ಕದ್ದೇ. ಆದರೆ ಹತ್ತಾರು ಹೆಣಗಳು ತೇಲಿದ ಮೇಲೆ ಹತ್ತು ತಿಂಗಳಲ್ಲಿ ಆಗುವ ಕೆಲಸ ಅದಕ್ಕೆ ಮುಂಚೆ ಹತ್ತು ವರ್ಷದಲ್ಲಿ ಏಕೆ ಆಗುವುದಿಲ್ಲ ಎಂಬ ಪ್ರಶ್ನೆಯನ್ನು ಅದು ನಮ್ಮ ಮುಂದೆ ಇಟ್ಟಿದೆ.

ಬಲ್ಲವನೂ ನೀರಿಗಿಳಿಯುವುದೇಕೆ ಎಂಬ ಮಾತಿಗೆ ಈಗ ಬರೋಣ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹುಟ್ಟಿದಂದಿನಿಂದ, 1961ರಲ್ಲಿ ಅದು ನಿಗಮವಾಗಿ, 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ವಾಯವ್ಯ ಸಂಸ್ಥೆ ಬೇರೆಯಾದವರೆಗೆ, ಸರ್ಕಾರಿ ಬಸ್ಸು ನಮ್ಮ ಹಳ್ಳಿಗಳಿಗೆ ಕೇವಲ ವಾಹನವಾಗಿ ಉಳಿದಿಲ್ಲ. ಸರ್ಕಾರವೆಂಬುದು ದಿನಕ್ಕೆ ಎರಡು ಸಲ ಊರಿಗೆ ಬಂದು ಹೋಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆ ಬಸ್ಸು ಇನ್ನೂ ಹತ್ತಿರದ್ದಾಗಿದೆ. ಇಷ್ಟು ಅಕ್ಕರೆಯ ವಸ್ತು ಒಂದು ದಿನ ಬರದಿದ್ದರೆ ಊರು ಸಿಟ್ಟಾಗುತ್ತದೆ. ಚಾಲಕನ ಮೇಲೆ ಒಂದು ಕಡೆ ಸುತ್ತುಗಳನ್ನು ಪೂರೈಸಬೇಕಾದ ಹೊಣೆ. ಇನ್ನೊಂದು ಕಡೆ ಬೆನ್ನ ಹಿಂದೆ ಕುಳಿತ ಐವತ್ತು ಜನರ ಅವಸರ. ಮೇಲಾಗಿ ‘ಈಗಷ್ಟೇ ಟ್ರ್ಯಾಕ್ಟರು ಹೋಯಿತು’ ಎಂಬ ಮಾತು. ಟ್ರ್ಯಾಕ್ಟರಿನ ಚಕ್ರದ ಎತ್ತರವೇನು, ಅದರ ತೆರೆದ ಮೈಗೂ ಬಸ್ಸಿನ ಮುಚ್ಚಿದ ಮೈಗೂ ನೀರಿನ ತಳ್ಳಾಟದಲ್ಲಿ ಇರುವ ವ್ಯತ್ಯಾಸವೇನು ಎಂಬುದನ್ನು ಆಗ ಯಾರೂ ಕೇಳುವುದಿಲ್ಲ.

ಕೆಲವು ಮಳೆಗಾಲಗಳ ಹಿಂದೆ ನಾನೇ ಇದನ್ನು ಕಂಡೆ. ಪರೀಕ್ಷೆಯ ದಿನ. ಬಸ್ಸಿನಲ್ಲಿ ಅರ್ಧದಷ್ಟು ನಮ್ಮ ಕಾಲೇಜಿನ ಹುಡುಗ ಹುಡುಗಿಯರು. ಸೇತುವೆಯ ಮೇಲೆ ನೀರು ಬಂದಿತ್ತು. ಹೆಚ್ಚೆಂದು ಹೇಳುವಂತಿರಲಿಲ್ಲ, ಕಡಮೆಯೆಂದು ನಂಬುವಂತೆಯೂ ಇರಲಿಲ್ಲ. ಚಾಲಕರು ಇಳಿದು ದಂಡೆಯವರೆಗೆ ಹೋಗಿ ನಿಂತು ನೋಡಿ ಬಂದು, ಇಂಜಿನು ಆರಿಸಿದರು. ಹಿಂದಿನಿಂದ ದನಿಗಳೆದ್ದವು: “ನಡೀರಿ ಡ್ರೈವರ್ ಸಾಹೇಬ್ರ, ಏನೂ ಆಗಂಗಿಲ್ಲ!” ಒಬ್ಬ ಹುಡುಗಿ ಮುಂದೆ ಬಂದು, “ಅಣ್ಣಾರ, ಹತ್ತಕ್ಕ ಪೇಪರ್ ಐತ್ರಿ” ಎಂದಳು. ಅವಳ ದನಿ ನಡುಗುತ್ತಿತ್ತು. ಚಾಲಕರು ಅವಳ ಕಡೆಗೆ ತಿರುಗಿ, “ಪೇಪರ್ ಮತ್ತ ಬರೀಬೋದವಾ ತಂಗಿ. ನಿಮ್ಮವ್ವಗ ನಾ ಏನ್ ಹೇಳ್ಲಿ?” ಎಂದರು. ಮತ್ತೆ ಮಾತಾಡಲಿಲ್ಲ. ಬಸ್ಸು ಹಿಂದಕ್ಕೆ ತಿರುಗಿತು. ದಾರಿಯುದ್ದಕ್ಕೂ ಗೊಣಗಾಟ; ಅಂಜುಬುರುಕನೆಂದೂ ಒಬ್ಬರು ಅಂದರು. ಮರುದಿನ ಯಾವ ಪತ್ರಿಕೆಯಲ್ಲೂ ಆ ಬಸ್ಸಿನ ಸುದ್ದಿ ಇರಲಿಲ್ಲ. ಏನೂ ಆಗದಿದ್ದುದು ಸುದ್ದಿಯಾಗುವುದಾದರೂ ಹೇಗೆ?

ಆದರೆ ಏನೂ ಆಗಲಿಲ್ಲವೆಂಬುದು ಪೂರ್ತಿ ಸರಿಯಲ್ಲ. ಆ ಹುಡುಗಿಯ ಒಂದು ವಿಷಯ ಉಳಿಯಿತು. ಹೊಳೆಗೆ ನೀರು ಬಂದದ್ದು ಗೈರುಹಾಜರಿಗೆ ಸಮಾಧಾನವೆಂದು ಯಾರೂ ಒಪ್ಪಲಿಲ್ಲ. ಅವಳು ಮುಂದಿನ ತಂಡದವರೊಡನೆ ಕುಳಿತು ಬರೆದಳು. ಅಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು ಎದ್ದು, ಅದನ್ನು ತಡೆಯಲು ನಾವು ನಾಲ್ವರು ಅಧ್ಯಾಪಕರು ಅವಳ ತಂದೆಯೊಡನೆ ಮಾತನಾಡಬೇಕಾಯಿತು. ಇದನ್ನು ಹೇಳುವುದಕ್ಕೆ ಕಾರಣವಿದೆ. ಬಸ್ಸು ನಿಲ್ಲಿಸುವುದು ಸರಿಯೆಂದು ಲೇಖನ ಬರೆಯುವುದು ಸುಲಭ. ನಿಂತ ಬಸ್ಸಿನ ಬೆಲೆಯನ್ನು ತೆರುವವರು ಬೇರೆ. ಆ ಬೆಲೆಯನ್ನು ಸಮಾಜವು ಹಂಚಿಕೊಳ್ಳದೆ ಒಬ್ಬ ಹುಡುಗಿಯ ಮೇಲೆ ಹೊರಿಸಿದರೆ, ಮುಂದಿನ ಸಲ ಅವಳೂ ಅವಳಂಥವರೂ ‘ನಡೀರಿ’ ಎಂದೇ ಕೂಗುತ್ತಾರೆ. ಆ ಕೂಗು ಅವಿವೇಕದ ಕೂಗಲ್ಲ. ಬೇರೆ ದಾರಿಯಿಲ್ಲದವರ ಕೂಗು.

ಹಿಂದೆ ಹೊಳೆಯ ದಂಡೆಯಲ್ಲಿ ಈ ನಿರ್ಧಾರ ಯಾರದಾಗಿತ್ತು? ಸೇತುವೆಗಳಿಲ್ಲದ ಕಾಲದಲ್ಲಿ ಅದು ಅಂಬಿಗನದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನಿದ್ದಾನೆ. ಯಾರ ಮುಲಾಜಿಗೂ ಒಳಗಾಗದ ನಿಷ್ಠುರ ಮಾತಿಗೆ ಅವನು ಹೆಸರಾದವನು. ಆ ನಿಷ್ಠುರತೆಗೂ ಅವನ ಕಾಯಕಕ್ಕೂ ಸಂಬಂಧವಿದ್ದೀತೆಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಹೊಳೆಯ ಮುಂದೆ ದಾಕ್ಷಿಣ್ಯಕ್ಕೆ ಬೆಲೆಯಿಲ್ಲ. ನೀರು ಏರಿದಾಗ ಅಂಬಿಗನು ಹರಿಗೋಲನ್ನು ದಡಕ್ಕೆಳೆದು ಕವುಚಿಹಾಕಿ ಕುಳಿತನೆಂದರೆ ಮುಗಿಯಿತು. ಗೌಡನೂ ಕಾಯಬೇಕು, ಶಾನುಭೋಗನೂ ಕಾಯಬೇಕು, ದಿಬ್ಬಣವೂ ಕಾಯಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯೇ, ದಾಟುವ ತನಕ ಅವನ ಹಂಗು ಎಷ್ಟಿತ್ತೆಂಬುದನ್ನು ತೋರಿಸುತ್ತದೆ. ಅಂಬಿಗನ ಜಾಗಕ್ಕೆ ಈಗ ಬಸ್ಸಿನ ಚಾಲಕ ಬಂದಿದ್ದಾನೆ. ಅಂಬಿಗನ ಹೊಣೆಯೆಲ್ಲ ಅವನಿಗೆ ಬಂದಿದೆ. ಅಂಬಿಗನ ಅಧಿಕಾರ ಮಾತ್ರ ಬಂದಿಲ್ಲ. ಅಂಬಿಗನಿಗೆ ಹೊಳೆಯ ಸುಳಿ ಸೆಳವುಗಳೆಲ್ಲ ನಿತ್ಯದ ಪರಿಚಯ. ಚಾಲಕನಾದರೋ ಇಂದು ಈ ದಾರಿ, ನಾಳೆ ಆ ದಾರಿ. ಹೊಳೆಯನ್ನು ಕಡಮೆ ಬಲ್ಲವನಿಗೆ ಹೆಚ್ಚು ಜನರನ್ನು ಒಪ್ಪಿಸಿ, ‘ಇಲ್ಲ’ ಎನ್ನುವ ಹಕ್ಕನ್ನು ಕಿತ್ತುಕೊಂಡಿದ್ದೇವೆ.

ಹಾಗಾದರೆ ಮಾಡಬೇಕಾದದ್ದೇನು? ಎತ್ತರದ ಸೇತುವೆಗಳನ್ನು ಕಟ್ಟುವುದೇ ಕೊನೆಯ ಪರಿಹಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಲ್ಲವೂ ಒಂದೇ ವರ್ಷದಲ್ಲಿ ಆಗುವಂಥದಲ್ಲ. ಅಷ್ಟರವರೆಗೆ ಮಳೆಗಾಲಗಳು ನಮಗಾಗಿ ಕಾಯುವುದಿಲ್ಲ. ಕಡಮೆ ಹಣದಿಂದ ಕೂಡಲೇ ಆಗುವ ಕೆಲಸಗಳಿವೆ. ಮೊದಲನೆಯದು, ಸೇತುವೆಯ ಮೇಲೆ ನೀರು ಕಂಡಾಗ ಬಸ್ಸನ್ನು ನಿಲ್ಲಿಸುವ ಅಧಿಕಾರ ಚಾಲಕನದೆಂದೂ, ಆ ನಿರ್ಧಾರಕ್ಕಾಗಿ ಅವನ ಮೇಲೆ ಯಾವ ಕ್ರಮವೂ ಇಲ್ಲವೆಂದೂ ಬರವಣಿಗೆಯ ಆಜ್ಞೆಯಾಗಬೇಕು. ಆ ಆಜ್ಞೆಯ ಪ್ರತಿ ಬಸ್ಸಿನೊಳಗೆ, ಟಿಕೇಟಿನ ದರದ ಪಟ್ಟಿಯ ಪಕ್ಕದಲ್ಲಿ, ಪ್ರಯಾಣಿಕರು ಓದುವಂತೆ ಅಂಟಿಸಿರಬೇಕು. ಗದ್ದಲ ಮಾಡುವವರಿಗೆ ತೋರಿಸಲು ಅವನ ಕೈಯಲ್ಲಿ ಒಂದು ಕಾಗದ ಬೇಕು. ಎರಡನೆಯದು, ಪ್ರತಿಯೊಂದು ಕೆಳಸೇತುವೆಯ ಎರಡೂ ತುದಿಗೆ ಅಳತೆಯ ಕಂಬ, ಅದರ ಮೇಲೊಂದು ಕೆಂಪು ಗೆರೆ. ನೀರು ಗೆರೆ ಮುಟ್ಟಿದರೆ ಚರ್ಚೆಯಿಲ್ಲ. ಮೂರನೆಯದು, ಜಲಾಶಯದಿಂದ ಬಿಡುವ ನೀರಿನ ಲೆಕ್ಕ ಸೇತುವೆಯ ಮೇಲಿನ ಅಂಗುಲದ ಲೆಕ್ಕವಾಗಿ ಡಿಪೋಗಳಿಗೆ ಬರುವ ಏರ್ಪಾಡು. ಕೇಂದ್ರ ಜಲ ಆಯೋಗವು ಪ್ರವಾಹದ ಮುನ್ಸೂಚನೆ ಕೊಡುತ್ತದೆ. ರಾಜ್ಯಗಳ ನಡುವೆ ನೀರಿನ ವರದಿ ಓಡಾಡುತ್ತದೆ. ಎಲ್ಲರ ಕೈಯಲ್ಲೂ ಫೋನಿದೆ. ಇಲ್ಲದಿರುವುದು ಭಾಷಾಂತರ ಮಾಡುವವನೊಬ್ಬ. ನಾಲ್ಕನೆಯದು, ನೀರು ಬಂದಾಗ ಎರಡೂ ದಂಡೆಯಲ್ಲಿ ಅಡ್ಡಗಟ್ಟೆ, ಅದನ್ನು ಕಾಯಲು ಊರಿನವನೇ ಆದ ಒಬ್ಬ ಕಾವಲುಗಾರ.

ಐದನೆಯದು ನನ್ನ ವೃತ್ತಿಗೆ ಸೇರಿದ್ದು. ಪ್ರವಾಹದಿಂದ ದಾರಿ ಕಡಿದ ಊರಿನ ವಿದ್ಯಾರ್ಥಿಗೆ ಪರೀಕ್ಷೆ ತಪ್ಪಿದರೆ, ತಹಸೀಲ್ದಾರರ ಒಂದು ಚೀಟಿಯ ಮೇಲೆ, ಅದೇ ತಿಂಗಳಲ್ಲಿ ಮರುಪರೀಕ್ಷೆ ನಡೆಸುವ ನಿಯಮವನ್ನು ವಿಶ್ವವಿದ್ಯಾಲಯಗಳು ಮಾಡಬೇಕು. ಹಾಜರಿಯ ಲೆಕ್ಕದಲ್ಲಿಯೂ ಆ ದಿನಗಳನ್ನು ಬಿಡಬೇಕು. ಹೊಳೆಯ ದಂಡೆಯಲ್ಲಿ ಬಸ್ಸನ್ನು ಮುಂದಕ್ಕೆ ತಳ್ಳುವ ಶಕ್ತಿಗಳಲ್ಲಿ ನಮ್ಮ ವೇಳಾಪಟ್ಟಿಯೂ ಒಂದು ಎಂಬುದನ್ನು ಶಿಕ್ಷಣ ಕ್ಷೇತ್ರದವರು ಅರಿತುಕೊಳ್ಳಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಹೀಗೆ ಅಧಿಕಾರ ಕೊಟ್ಟರೆ ಚಾಲಕರು ಅಂಗೈಯಗಲ ನೀರು ಕಂಡರೂ ಬಸ್ಸು ತಿರುಗಿಸಿಯಾರೆಂಬುದು ಒಂದು. ಅಳತೆಯ ಕಂಬ ಇರುವುದು ಅದಕ್ಕಾಗಿಯೇ; ಅದು ಚಾಲಕನಿಗೂ ಸಾಕ್ಷಿ, ಸಂಸ್ಥೆಗೂ ಸಾಕ್ಷಿ, ಪ್ರಯಾಣಿಕರಿಗೂ ಸಾಕ್ಷಿ. ಹೆರಿಗೆಯ ಹೆಣ್ಣುಮಗಳೋ ಹಾವು ಕಚ್ಚಿದವನೋ ಬಸ್ಸಿನಲ್ಲಿದ್ದರೆ ಹೇಗೆಂಬುದು ಇನ್ನೊಂದು. ಈ ಪ್ರಶ್ನೆ ಗಂಭೀರವಾದದ್ದು. ಆದರೆ ಒಂದು ಪ್ರಾಣವನ್ನು ಉಳಿಸಲು ಐವತ್ತು ಪ್ರಾಣಗಳನ್ನು ಪಣಕ್ಕಿಡುವುದು ಉತ್ತರವಲ್ಲ. ಮಳೆಗಾಲದ ಮೂರು ತಿಂಗಳು ಇಂಥ ದಂಡೆಗಳಲ್ಲಿ ದೋಣಿಯನ್ನೂ ಈಜುಬಲ್ಲ ತರುಣರನ್ನೂ ಸಿದ್ಧವಾಗಿಡುವುದು, ಆಚೆಯ ದಂಡೆಗೆ ಆಂಬುಲೆನ್ಸು ಬಂದು ನಿಲ್ಲುವಂತೆ ಮಾಡುವುದು, ದಿನ ತುಂಬಿದ ಗರ್ಭಿಣಿಯರನ್ನು ಮೊದಲೇ ಈಚೆಯ ಊರಿಗೆ ಕರೆತರುವುದು: ಉತ್ತರ ಇವುಗಳಲ್ಲಿದೆ.

2005, 2009, 2019, 2021: ಕೃಷ್ಣೆಯ ದಂಡೆಯವರು ತಮ್ಮ ಮಕ್ಕಳ ವಯಸ್ಸನ್ನು ಈ ಪ್ರವಾಹಗಳಿಂದ ಎಣಿಸುತ್ತಾರೆ. ಮುಂದಿನದು ಯಾವ ವರ್ಷವೋ ತಿಳಿಯದು. ಬರುವುದೆಂಬುದು ಮಾತ್ರ ನಿಶ್ಚಯ. ಅಂದು ಯಾವನೋ ಒಬ್ಬ ಚಾಲಕ ನೀರಿನ ಅಂಚಿನಲ್ಲಿ ಗಾಡಿ ನಿಲ್ಲಿಸಿ ಒಂದು ಗಳಿಗೆ ಸುಮ್ಮನೆ ಕೂಡುತ್ತಾನೆ. ಆ ಗಳಿಗೆಯಲ್ಲಿ ಅವನ ಬೆನ್ನ ಹಿಂದೆ ನಾವೇನು ಹೇಳುತ್ತೇವೆಂಬುದು ನಮ್ಮ ಕೈಯಲ್ಲಿದೆ. ಅವನ ಕಣ್ಣ ಮುಂದೆ ಒಂದು ಅಳತೆಯ ಕಂಬ ನಿಂತಿರುತ್ತದೆಯೋ ಇಲ್ಲವೋ ಎಂಬುದು ಸರ್ಕಾರದ ಕೈಯಲ್ಲಿದೆ. ದಾಟಿಸಿದವನಿಗೆ ಹಾರ ಹಾಕುವ ಸಂಪ್ರದಾಯ ಹಳೆಯದು, ಅದು ಬೇಕಾದರೆ ಇರಲಿ. ಹಿಂದಕ್ಕೆ ತಿರುಗಿಸಿದವನಿಗೆ, ಇಳಿಯುವಾಗ ಒಂದು ನಮಸ್ಕಾರ ಹೇಳುವ ಸಂಪ್ರದಾಯವನ್ನಾದರೂ ನಾವು ತೊಡಗಿಸಬಹುದು.